ಮಲೆನಾಡಿನ ಅಂಗಳದ ಹೂಬಳ್ಳಿಗಳು: ಸವರುವುದು ಯಾವಾಗ, ಸಾಕುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಮನೆಯಂಗಳದಲ್ಲಿ ಜಾಜಿ, ಮಲ್ಲಿಗೆ, ಬೋಗನ್‌ವಿಲ್ಲಾ, ರಂಗೂನ್ ಬಳ್ಳಿ ಬೆಳೆಸುವವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ವ್ಯಾಪಾರಕ್ಕಾಗಿ ಹೂ ಬೆಳೆಯುವವರಿಗಲ್ಲ, ದೇವರ ತಲೆಗೆ ಮತ್ತು ಮನೆಯವರ ಮುಡಿಗೆ ಸಾಕಾಗುವಷ್ಟು ಬೆಳೆಯುವವರಿಗೆ.

ಬಳ್ಳಿಯನ್ನು ಸವರಲು ಸರಿಯಾದ ಕಾಲ ಯಾವುದು?

ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ ಇದು. ಒಂದೇ ತಿಂಗಳ ಹೆಸರು ಹೇಳಿ ಮುಗಿಸಲು ಆಗುವುದಿಲ್ಲ. ತೋಟಗಾರಿಕೆಯ ವಿದೇಶಿ ಪುಸ್ತಕಗಳು ಚಳಿಗಾಲ ಮುಗಿಯುವ ಹೊತ್ತಿಗೆ ಸವರಿ ಎನ್ನುತ್ತವೆ. ಅದು ಹಿಮ ಬೀಳುವ ಊರಿನ ಲೆಕ್ಕ. ನಮ್ಮಲ್ಲಿ ಬಳ್ಳಿಯನ್ನು ಕಾಡುವುದು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟುವ ಮಳೆ, ಅರೆಮಲೆನಾಡಾದ ಶಿವಮೊಗ್ಗ ಪೇಟೆಗೆ ಬರುವಷ್ಟರಲ್ಲಿ ಸಾವಿರದ ಆಸುಪಾಸಿಗೆ ಇಳಿಯುತ್ತದೆ. ಒಂದೇ ಜಿಲ್ಲೆಯ ಎರಡು ಅಂಗಳಗಳಿಗೆ ಒಂದೇ ದಿನಾಂಕ ಹೊಂದುವುದಿಲ್ಲ.

ಹಾಗಾಗಿ ಎರಡು ಸಂಗತಿ ನೋಡಿ. ಮೊದಲನೆಯದು, ನಿಮ್ಮ ಬಳ್ಳಿ ಹೂ ಬಿಡುವುದು ಈ ವರ್ಷದ ಹೊಸ ಚಿಗುರಿನಲ್ಲೋ ಹೋದ ವರ್ಷ ಬಲಿತ ಕಡ್ಡಿಯಲ್ಲೋ? ಎರಡನೆಯದು, ಕತ್ತರಿಸಿದ ಮೇಲೆ ಗಾಯ ಒಣಗಲು ಕನಿಷ್ಠ ಒಂದು ವಾರ ಬಿಸಿಲು ಸಿಗುತ್ತದೆಯೋ? ಇವೆರಡಕ್ಕೂ ಉತ್ತರ ಇದ್ದರೆ ಕ್ಯಾಲೆಂಡರ್ ಬೇಡ. ಸ್ವಾತಿ ಮಳೆ ಕಳೆದು, ಬೆಳಗ್ಗೆ ಇಬ್ಬನಿ ಬೀಳಲು ಶುರುವಾಗಿ, ಅಂಗಳಕ್ಕೆ ಅಡಿಕೆ ಒಣಗಲು ಬರುವ ಹೊತ್ತು ಹೆಚ್ಚಿನ ಬಳ್ಳಿಗಳಿಗೆ ಸುರಕ್ಷಿತ. ಕೊನೆಕೊಯ್ಲಿನ ಗಡಿಬಿಡಿಯಲ್ಲಿ ಬಳ್ಳಿಯ ನೆನಪು ಯಾರಿಗೂ ಇರುವುದಿಲ್ಲ ಎಂಬುದು ಬೇರೆ ಮಾತು.

ಹೊಸ ಚಿಗುರಿನಲ್ಲಿ ಹೂ ಬಿಡುವುದೋ ಹಳೆಯದರಲ್ಲೋ ಎಂದು ತಿಳಿಯುವುದು ಹೇಗೆ?

ಹೂ ಬಿಟ್ಟಾಗ ಹತ್ತಿರ ಹೋಗಿ ಕಡ್ಡಿಯನ್ನು ಬೆರಳಲ್ಲಿ ಹಿಡಿದು ನೋಡಿ. ಹೂಗೊಂಚಲಿನ ಕೆಳಗಿನ ಕಡ್ಡಿ ಹಸಿರಾಗಿ, ಬಗ್ಗಿಸಿದರೆ ಬಳುಕುವಂತಿದ್ದರೆ ಅದು ಹೊಸ ಚಿಗುರು. ಕಂದು ತೊಗಟೆ ಬಂದು, ಬಗ್ಗಿಸಿದರೆ ಲಟಕ್ಕೆಂದರೆ ಹಳೆಯ ಕಡ್ಡಿ.

ಮಲ್ಲಿಗೆಯ ಜಾತಿಗಳು, ಬೋಗನ್‌ವಿಲ್ಲಾ, ರಂಗೂನ್ ಬಳ್ಳಿ, ಅಲಮಂಡ ಇವೆಲ್ಲ ಹೊಸ ಚಿಗುರಿನವು. ಇವನ್ನು ಸವರಿದಷ್ಟೂ ಚಿಗುರು, ಚಿಗುರಿದಷ್ಟೂ ಹೂ. ನೀಲಿ ಗೊಂಚಲಿನ ಪೆಟ್ರಿಯಾ ಮತ್ತು ಕಿತ್ತಳೆ ಬಣ್ಣದ ಬೆಂಕಿಬಳ್ಳಿ ಜನವರಿಯಿಂದ ಮಾರ್ಚ್ ಒಳಗೆ ಹೂ ಬಿಡುವಂಥವು. ಹಿಂದಿನ ಮಳೆಗಾಲದಲ್ಲಿ ಬೆಳೆದ ಕಡ್ಡಿಯೇ ಅವಕ್ಕೆ ಬಂಡವಾಳ. ಅವನ್ನು ಡಿಸೆಂಬರ್‌ನಲ್ಲಿ "ಚೆಂದ ಮಾಡುತ್ತೇನೆ" ಎಂದು ಸವರಿದರೆ ಆ ವರ್ಷದ ಹೂವು ಗೊಬ್ಬರಗುಂಡಿಗೆ ಹೋದಂತೆ. ಹೂ ಉದುರಿದ ಕೂಡಲೇ ಸವರಬೇಕು.

ಹಾಗಾದರೆ ಮಳೆಗಾಲಕ್ಕೆ ಮುಂಚೆ ಕತ್ತರಿ ಮುಟ್ಟಲೇಬಾರದೇ?

ಮುಟ್ಟಬೇಕು, ಆದರೆ ಉದ್ದೇಶ ಬೇರೆ. ರೋಹಿಣಿ ಮಳೆಯ ಹೊತ್ತಿಗೆ, ಅಂದರೆ ಮೇ ಕೊನೆಯ ವಾರದಲ್ಲಿ, ಚಪ್ಪರದ ಮೇಲಿನ ಭಾರ ಇಳಿಸಿ. ನೀರು ಕುಡಿದ ಬಳ್ಳಿಯ ತೂಕ ಮತ್ತು ಆರಿದ್ರಾ ಮಳೆಯ ಗಾಳಿ ಸೇರಿದರೆ ಚಪ್ಪರ ಮಗುಚಿ ಬೀಳುತ್ತದೆ. ಒಳಗೆ ಒಣಗಿದ ಕಡ್ಡಿ, ಒಂದಕ್ಕೊಂದು ಉಜ್ಜುವ ಕಡ್ಡಿ, ನೆಲಕ್ಕೆ ತಾಗುವ ಕುಡಿ ಇಷ್ಟನ್ನೇ ತೆಗೆಯಿರಿ. ಚಪ್ಪರದ ಕೆಳಗೆ ನಿಂತು ಮೇಲೆ ನೋಡಿದರೆ ಅಲ್ಲಲ್ಲಿ ಆಕಾಶ ಕಾಣುವಷ್ಟು ತೆಳುವಾದರೆ ಸಾಕು. ಗಾಳಿಯಾಡಿದರೆ ಎಲೆ ಬೇಗ ಒಣಗುತ್ತದೆ, ಎಲೆ ಒಣಗಿದರೆ ಕೊಳೆ ಕಡಿಮೆ.

ಜೂನ್ ಎರಡನೇ ವಾರದಿಂದ ಆಗಸ್ಟ್ ಮುಗಿಯುವವರೆಗೆ ದಪ್ಪ ಕಾಂಡಕ್ಕೆ ಕೈ ಹಾಕಬೇಡಿ.

ಜಾಜಿ ಮತ್ತು ದುಂಡುಮಲ್ಲಿಗೆಯನ್ನು ಎಷ್ಟು ಗಿಡ್ಡ ಮಾಡಬಹುದು?

ಜನ ಹೆದರುವುದಕ್ಕಿಂತ ಬಹಳ ಹೆಚ್ಚು. ಹೂವಿನ ಬೆಳೆಗಾರರು ಮಲ್ಲಿಗೆಯನ್ನು ನೆಲದಿಂದ ಒಂದೂವರೆ ಅಡಿಗೆ, ಅಂದರೆ ಸುಮಾರು 45ರಿಂದ 50 ಸೆಂಟಿಮೀಟರ್ ಎತ್ತರಕ್ಕೆ ಬೋಳಿಸುತ್ತಾರೆ. ದುಂಡುಮಲ್ಲಿಗೆಗೆ ನವೆಂಬರ್ ಕೊನೆ, ಜಾಜಿಗೆ ಡಿಸೆಂಬರ್ ಕೊನೆ, ಸೂಜಿಮಲ್ಲಿಗೆಗೆ ಜನವರಿ ಕೊನೆ ಎಂಬುದು ರೂಢಿ. ಈ ರೂಢಿ ಮಲೆನಾಡಿಗೂ ಹೊಂದುತ್ತದೆ, ಏಕೆಂದರೆ ಮೂರೂ ಕಾಲಗಳಲ್ಲಿ ನಮ್ಮಲ್ಲಿ ಒಣಹವೆ.

ಚಪ್ಪರಕ್ಕೆ ಹಬ್ಬಿಸಿದ ಜಾಜಿಯನ್ನು ಒಂದೂವರೆ ಅಡಿಗೆ ಇಳಿಸಿದರೆ ಚಪ್ಪರ ಪುನಃ ತುಂಬಲು ಕಾಯಬೇಕಾಗುತ್ತದೆ. ಆದ್ದರಿಂದ ಮೂರೋ ನಾಲ್ಕೋ ಗಟ್ಟಿ ಕಾಂಡಗಳನ್ನು ಚಪ್ಪರದ ಎತ್ತರದವರೆಗೆ ಉಳಿಸಿ, ಅವುಗಳಿಂದ ಹೊರಟ ಪಕ್ಕದ ಕಡ್ಡಿಗಳನ್ನು ಎರಡು ಮೂರು ಗೆಣ್ಣು ಬಿಟ್ಟು ಕತ್ತರಿಸುವುದು ಮನೆಗೆ ಒಳ್ಳೆಯ ದಾರಿ. ತೀರಾ ಹಳೆಯ ಬಳ್ಳಿಯಾದರೆ ವರ್ಷಕ್ಕೊಂದು ಮುದಿ ಕಾಂಡವನ್ನು ಬುಡದಿಂದ ತೆಗೆದು, ಬುಡದಲ್ಲೇ ಬಂದ ಒಂದು ಹೊಸ ಚಿಗುರನ್ನು ಅದರ ಜಾಗಕ್ಕೆ ಹಬ್ಬಿಸಿ. ಮೂರು ನಾಲ್ಕು ವರ್ಷಕ್ಕೆ ಬಳ್ಳಿಯೇ ಹೊಸದಾಗುತ್ತದೆ, ಚಪ್ಪರ ಒಂದು ವರ್ಷವೂ ಬರಿದಾಗುವುದಿಲ್ಲ.

ಸವರಿದ ಮೇಲೆ ಮನೆಯ ಹಿರಿಯರು ಬಂದು "ಗಿಡ ಕೊಂದೆಯಲ್ಲ" ಎನ್ನುತ್ತಾರೆ. ಚಿಗುರು ಬರುವ ತನಕ ಆ ಮಾತನ್ನು ಕೇಳಿಸಿಕೊಳ್ಳಬೇಕು, ಬೇರೆ ಉಪಾಯವಿಲ್ಲ.

ಉಡುಪಿಯಿಂದ ತಂದ ಮಲ್ಲಿಗೆ ಘಟ್ಟದ ಮೇಲೆ ಹೂವನ್ನೇ ಬಿಡುತ್ತಿಲ್ಲ. ಮಣ್ಣು ಸರಿಯಿಲ್ಲವೇ?

ಆಗುಂಬೆ ಘಾಟಿ ಹತ್ತಿ ಬಂದ ಈ ಗಿಡಗಳ ದೂರು ಸಾಮಾನ್ಯ. ಉಡುಪಿ ಮಲ್ಲಿಗೆಗೆ ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆಗಳ ಹಾಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಅಂಥ ಹೂವು ತನ್ನ ನೆಲ, ತನ್ನ ಹವೆ, ಅಲ್ಲಿನವರ ಆರೈಕೆ ಮೂರರಿಂದಲೂ ಹೆಸರಾದದ್ದು. ಕರಾವಳಿಯಲ್ಲಿ ರಾತ್ರಿಯೂ ಸೆಕೆ ಇರುತ್ತದೆ. ನಮ್ಮಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಮಲ್ಲಿಗೆ ನಿದ್ದೆ ಹೋಗುತ್ತದೆ. ಅದನ್ನು ಎಬ್ಬಿಸಲು ಗೊಬ್ಬರ ಸುರಿಯುವುದು ವ್ಯರ್ಥ.

ಮೊದಲು ನೆರಳನ್ನು ನೋಡಿ. ಮಲ್ಲಿಗೆಗೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ಮೂರು ಕಡೆ ಅಡಿಕೆ ತೋಟ, ನಾಲ್ಕನೆಯ ಕಡೆ ಹಲಸಿನ ಮರ ಇರುವ ಹಿತ್ತಿಲಲ್ಲಿ ಅಷ್ಟು ಬಿಸಿಲು ಎಲ್ಲಿಂದ ಬರಬೇಕು? ಗಿಡವನ್ನು ಅಂಗಳದ ತೆಂಕಣ ಬದಿಗೆ ತನ್ನಿ. ನಮ್ಮ ಜಂಬಿಟ್ಟಿಗೆ ಮಣ್ಣು ಹುಳಿ ಸ್ವಭಾವದ್ದು ಎಂಬುದು ನಿಜ. ಮಳೆಗಾಲ ಮುಗಿದ ಮೇಲೆ ಬುಡದಿಂದ ಒಂದಡಿ ದೂರದಲ್ಲಿ ಒಂದು ಹಿಡಿ ಕೃಷಿ ಸುಣ್ಣ ಬೆರೆಸಿದರೆ ಅಷ್ಟರ ಮಟ್ಟಿಗೆ ಅನುಕೂಲ. ಆದರೆ ನೆರಳಿಗೆ ಸುಣ್ಣ ಮದ್ದಲ್ಲ.

ಬೋಗನ್‌ವಿಲ್ಲಾ ಎಲೆಯೇ ಎಲೆ, ಹೂವಿಲ್ಲ. ಏಕೆ?

ನೀವು ಅದನ್ನು ಹೆಚ್ಚು ಪ್ರೀತಿಸುತ್ತಿದ್ದೀರಿ. ಕಾಗದದ ಹೂ ಎಂದು ಕರೆಯುವ ಈ ಗಿಡ ದಕ್ಷಿಣ ಅಮೆರಿಕದ್ದು. 1766ರಿಂದ 1769ರವರೆಗೆ ಲೂಯಿ ಆಂಟ್ವಾನ್ ದ ಬೋಗನ್‌ವಿಲ್ ಮುನ್ನಡೆಸಿದ ಫ್ರೆಂಚ್ ನೌಕಾಯಾನದಲ್ಲಿದ್ದ ಸಸ್ಯಶಾಸ್ತ್ರಜ್ಞ ಫಿಲಿಬೇರ್ ಕಾಮರ್ಸನ್ ಇದನ್ನು ಬ್ರೆಜಿಲ್‌ನಲ್ಲಿ ಸಂಗ್ರಹಿಸಿದ. ನಾಯಕನ ಹೆಸರು ಗಿಡಕ್ಕೆ ಬಂತು. ಬಣ್ಣದ ಭಾಗ ನಿಜಕ್ಕೂ ಹೂವಲ್ಲ, ಹೂವಿನ ಕಾವಲಿಗೆ ನಿಂತ ಎಲೆಗಳು. ಒಂದನ್ನು ಕಿತ್ತು ಬಿಡಿಸಿ ನೋಡಿ: ಮೂರು ಬಣ್ಣದ ಎಲೆಗಳಿಗೆ ಅಂಟಿಕೊಂಡು ಮೂರು ಸಣ್ಣ ಕೊಳವೆಗಳಿರುತ್ತವೆ, ಅವುಗಳ ಬಾಯಲ್ಲಿ ಬಿಳಿ ನಕ್ಷತ್ರದಂಥ ಹೂವು.

ಮಣ್ಣು ಒಣಗಿದಾಗ ಈ ಗಿಡಕ್ಕೆ ಹೂವಿನ ಯೋಚನೆ ಬರುತ್ತದೆ. ಮಲೆನಾಡಿನ ಮಳೆಯಲ್ಲಿ ಅದು ಎಲೆ ಬಿಡುವುದೇ ಸಹಜ, ಅದರ ಮೇಲೆ ಗೋಬರ್ ಗ್ಯಾಸಿನ ಸ್ಲರಿಯನ್ನೂ ಹೊಯ್ದರೆ ಕೇಳುವುದೇ ಬೇಡ. ಸ್ಲರಿ ನಿಲ್ಲಿಸಿ. ಮಳೆ ಹಿಂದೆ ಸರಿದ ಕೂಡಲೇ, ಅಕ್ಟೋಬರ್‌ನಲ್ಲಿ, ಉದ್ದ ಓಡಿದ ಕುಡಿಗಳನ್ನು ಅರ್ಧಕ್ಕೆ ಕತ್ತರಿಸಿ. ಆಮೇಲೆ ನೀರು ಕೊಡುವುದನ್ನು ಎಲೆ ಸ್ವಲ್ಪ ಜೋಲುವ ತನಕ ತಡೆಯಿರಿ. ಚಳಿಗಾಲದಿಂದ ಮೇ ತನಕ ಬಣ್ಣ ನಿಲ್ಲುತ್ತದೆ. ಹೂ ಮುಗಿದ ತುದಿಗಳನ್ನು ಆಗಾಗ ಚಿವುಟುತ್ತಿದ್ದರೆ ಇನ್ನೊಂದು ಸುತ್ತು ಬರುತ್ತದೆ. ಮುಳ್ಳು ಕೈಗೆ ಹೊಕ್ಕರೆ ಒಳಗೇ ಮುರಿಯುತ್ತದೆ, ದಪ್ಪ ಕೈಗವಸು ಹಾಕಿಕೊಳ್ಳಿ.

ರಂಗೂನ್ ಬಳ್ಳಿ ಹೆಂಚಿನ ಮಾಡಿಗೆ ಹತ್ತಿದೆ. ಬಿಡಬಹುದೇ?

ಬೇಡ. ಕುಡಿ ಎರಡು ಹೆಂಚಿನ ಸಂದಿಗೆ ನುಗ್ಗಿ ಒಳಗೆ ದಪ್ಪವಾಗುತ್ತದೆ, ಹೆಂಚು ಎದ್ದು ಪುಷ್ಯ ಮಳೆಯಲ್ಲಿ ಅಟ್ಟಕ್ಕೆ ನೀರು ಸೋರುತ್ತದೆ. ಆಗ ಬಳ್ಳಿ ಎಳೆದರೆ ಹೆಂಚೂ ಕೂಡಿ ಬರುತ್ತದೆ. ಮಾಡಿನ ಅಂಚಿಗಿಂತ ಎರಡಡಿ ಕೆಳಗೇ ಅದನ್ನು ನಿಲ್ಲಿಸಿ.

ಈ ಬಳ್ಳಿಯ ಹೂ ಸಂಜೆ ಬಿಳಿಯಾಗಿ ಅರಳಿ, ಮರುದಿನ ಗುಲಾಬಿಯಾಗಿ, ಆಮೇಲೆ ಕೆಂಪಾಗುತ್ತದೆ. ಒಂದೇ ಗೊಂಚಲಲ್ಲಿ ಮೂರೂ ಬಣ್ಣ ಕಾಣುವುದು ಅದರಿಂದಲೇ. ಮೊದಲ ರಾತ್ರಿಯ ಬಿಳಿ ಹೂವಿಗೆ ಉದ್ದ ಸೊಂಡಿಲಿನ ನಿಶಾಚರ ಪತಂಗಗಳು ಬರುತ್ತವೆ, ಹಗಲಿಗೆ ಜೇನು ಮತ್ತು ಚಿಟ್ಟೆಗಳು. ಸವರುವಾಗ ಜಾಗ್ರತೆ ಇರಲಿ: ಎಲೆ ಉದುರಿದ ಮೇಲೂ ತೊಟ್ಟಿನ ಬುಡ ಕಡ್ಡಿಯಲ್ಲೇ ಉಳಿದು ಗಟ್ಟಿ ಮುಳ್ಳಾಗುತ್ತದೆ. ಬಳ್ಳಿ ಬೇರೆಯದರ ಮೇಲೆ ಹತ್ತುವುದೇ ಆ ಕೊಕ್ಕೆಯ ಬಲದಿಂದ. ಹೂ ತೀರಿದ ಮೇಲೆ ಅರ್ಧಕ್ಕರ್ಧ ಕತ್ತರಿಸಿದರೂ ಅದಕ್ಕೆ ಏನೂ ಆಗುವುದಿಲ್ಲ. ಬುಡದಿಂದ ದೂರ ದೂರಕ್ಕೆ ಏಳುವ ಮರಿಗಳನ್ನು ಮಾತ್ರ ಬೇರುಸಹಿತ ಕೀಳಿ.

ನಮ್ಮದೇ ಕಾಡಿನ ಬಳ್ಳಿ ಯಾವುದಾದರೂ ಇದೆಯೇ?

ಇದೆ, ಮತ್ತು ಅದನ್ನು ಬಿಟ್ಟು ನಾವು ಹೊರದೇಶದ್ದನ್ನು ಹುಡುಕುತ್ತೇವೆ. ಥನ್‌ಬರ್ಜಿಯಾ ಮೈಸೂರೆನ್ಸಿಸ್ ಎಂಬುದು ಪಶ್ಚಿಮ ಘಟ್ಟದ್ದೇ ಬಳ್ಳಿ. ಹೊರದೇಶಗಳ ಗಾಜಿನಮನೆಗಳಲ್ಲಿ ಇದಕ್ಕೆ ಬಹಳ ಮರ್ಯಾದೆ. ಹಳದಿ ಕಂಠ, ಕೆಂಗಂದು ತುಟಿಯ ಹೂಗಳು ಉದ್ದನೆಯ ಮಾಲೆಯಲ್ಲಿ ಕೆಳಕ್ಕೆ ತೂಗುತ್ತವೆ. ಮಾಲೆಯ ತುದಿ ಬೆಳೆಯುತ್ತಲೇ ಇರುತ್ತದೆ, ಮೇಲಿನ ಹೂ ಉದುರಿದರೆ ಕೆಳಗೆ ಹೊಸದು. ಅದಕ್ಕೇ, ಮೇಲ್ಭಾಗ ಖಾಲಿಯಾಯಿತೆಂದು ಮಾಲೆಯನ್ನು ಕತ್ತರಿಸಬಾರದು. ಸೂರಕ್ಕಿಗಳು ಮಾಲೆಗೆ ತಲೆಕೆಳಗಾಗಿ ಜೋತು ಮಕರಂದ ಹೀರುತ್ತವೆ.

ಇದಕ್ಕೆ ಗೋಡೆಗಿಂತ ಎತ್ತರದ ಚಪ್ಪರ ಬೇಕು. ಏಳೆಂಟು ಅಡಿ ಇಲ್ಲದಿದ್ದರೆ ಹೂಮಾಲೆ ತಲೆಗೆ ತಾಗುತ್ತದೆ. ಚಳಿಗಾಲ ಮತ್ತು ಬೇಸಿಗೆಯ ಆರಂಭದ ಹೂವು ಮುಗಿದ ಮೇಲೆ ಸವರಿ. ಅದರ ನೆಂಟ, ದೊಡ್ಡ ನೀಲಿ ಹೂವಿನ ಥನ್‌ಬರ್ಜಿಯಾ ಗ್ರಾಂಡಿಫ್ಲೋರಾವನ್ನು ಕಾಡಿನ ಅಂಚಿನ ಮನೆಯವರು ನೆಡದಿರುವುದೇ ಲೇಸು. ನೆಲದಡಿಯ ಗಡ್ಡೆಯಿಂದ ಮತ್ತೆ ಮತ್ತೆ ಎದ್ದು ಮರಗಳನ್ನೇ ಮುಚ್ಚುವ ಆ ಬಳ್ಳಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ದೊಡ್ಡ ಕಳೆಯಾಗಿದೆ.

ಎಲ್ಲಿ ಕತ್ತರಿಸಬೇಕು? ಕತ್ತಿ ಸಾಕೇ?

ಕತ್ತಿ ಬೇಲಿಗೆ. ಹೂಬಳ್ಳಿಗೆ ಎರಡು ಅಲಗು ಒಂದರ ಪಕ್ಕ ಒಂದು ಜಾರುವ ತೋಟದ ಕತ್ತರಿ ಬೇಕು, ಹೆಬ್ಬೆರಳಿಗಿಂತ ದಪ್ಪ ಕಾಂಡಕ್ಕೆ ಸಣ್ಣ ಗರಗಸ. ಕತ್ತಿಯಿಂದ ಹೊಡೆದರೆ ಕಾಂಡ ಸೀಳುತ್ತದೆ, ಸೀಳಿನಲ್ಲಿ ನೀರು ನಿಲ್ಲುತ್ತದೆ.

ಗೆಣ್ಣಿನ ಮೇಲೆ ಅರ್ಧ ಬೆರಳು ಬಿಟ್ಟು, ಮೊಗ್ಗಿನ ಕಡೆಯಿಂದ ಹಿಂದಕ್ಕೆ ಇಳಿಜಾರಾಗಿ ಕತ್ತರಿಸಿ. ಇಳಿಜಾರು ಏಕೆಂದರೆ ಮಳೆನೀರು ಮೊಗ್ಗಿನ ಮೇಲೆ ಇಳಿಯಬಾರದು. ಚಿಗುರು ಯಾವ ದಿಕ್ಕಿಗೆ ಹೋಗಬೇಕೋ ಆ ದಿಕ್ಕಿಗೆ ಮುಖ ಮಾಡಿದ ಮೊಗ್ಗನ್ನೇ ಆರಿಸಿ. ರೋಗ ಬಂದ ಬಳ್ಳಿ ಕತ್ತರಿಸಿದ ಮೇಲೆ ಅಲಗನ್ನು ಸ್ಪಿರಿಟ್‌ನಲ್ಲಿ ಒರೆಸದೆ ಇನ್ನೊಂದಕ್ಕೆ ಹೋಗಬೇಡಿ. ಅಲಮಂಡದ ಹಾಲು ಚರ್ಮಕ್ಕೆ ತಾಗಿದರೆ ತುರಿಕೆ ಬರಬಹುದು, ಕಣ್ಣಿಗೆ ತಾಗಿಸಿಕೊಳ್ಳಬೇಡಿ.

ಕತ್ತರಿಸಿದ ಗಾಯಕ್ಕೆ ಏನು ಹಚ್ಚಬೇಕು? ಅರಿಸಿನವೇ?

ಸಣ್ಣ ಕಡ್ಡಿಗೆ ಏನೂ ಬೇಡ. ಬೆರಳು ಗಾತ್ರದ್ದಕ್ಕೆ, ಅದರಲ್ಲೂ ಇನ್ನೂ ಮಳೆಯ ಸಾಧ್ಯತೆ ಇದ್ದರೆ, ಬೋರ್ಡೋ ಮುಲಾಮು ಹಚ್ಚಿ. ಅಡಿಕೆ ತೋಟವಿರುವ ಮನೆಯಲ್ಲಿ ಕೊಳೆರೋಗದ ಔಷಧಿ ಹೊಡೆಯಲು ತಂದ ಮೈಲುತುತ್ತ ಮತ್ತು ಸುಣ್ಣ ಹೇಗೂ ಇರುತ್ತವೆ. ಮುಲಾಮಿಗೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, ಒಟ್ಟು ಒಂದು ಲೀಟರ್ ನೀರು. ಎಲೆಗೆ ಸಿಂಪಡಿಸುವ ಶೇಕಡಾ 1ರ ದ್ರಾವಣಕ್ಕೆ ಅಷ್ಟೇ ಸಾಮಗ್ರಿ, ನೀರು ಹತ್ತು ಲೀಟರ್.

ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯುತ್ತಾ ಕಲಕಿ. ಹದ ಬಂದಿದೆಯೇ ಎಂದು ನೋಡಲು ಹಳೆಯ ಚಾಕುವಿನ ಅಲಗನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ತಾಮ್ರದ ಕಲೆ ಕೂತರೆ ಸುಣ್ಣ ಸಾಲದು ಎಂದರ್ಥ, ಇನ್ನಷ್ಟು ಸುಣ್ಣದ ನೀರು ಸೇರಿಸಿ. ಮಾಡಿದ ದಿನವೇ ಬಳಸಿ ಮುಗಿಸಿ. ಅರಿಸಿನ ಹಚ್ಚಿದರೆ ತಪ್ಪಿಲ್ಲ, ಆದರೆ ನಮ್ಮ ಮಳೆಯಲ್ಲಿ ಅದು ಸಂಜೆಯವರೆಗೂ ನಿಲ್ಲುವುದಿಲ್ಲ.

ಚಪ್ಪರ ಯಾವುದರಿಂದ ಮಾಡಬೇಕು?

ಅಡಿಕೆ ಮರದ ಕಂಬ ಚೆಂದ, ಆದರೆ ನೆಲದೊಳಗಿನ ಭಾಗವನ್ನು ಒರಲೆ ಬಹಳ ಬೇಗ ಖಾಲಿ ಮಾಡುತ್ತದೆ. ಹತ್ತು ಹದಿನೈದು ವರ್ಷ ಬಾಳುವ ಬಳ್ಳಿಗೆ ಕಲ್ಲಿನ ಅಥವಾ ಸಿಮೆಂಟಿನ ಕಂಬ ನಿಲ್ಲಿಸಿ, ಮೇಲೆ ಮಾತ್ರ ಅಡಿಕೆ ದಬ್ಬೆ ಹಾಸಿ. ದಬ್ಬೆ ಹಾಳಾದರೆ ಬಳ್ಳಿ ಸವರಿದ ವರ್ಷ ಬದಲಿಸಬಹುದು.

ಕಟ್ಟಲು ತಂತಿ ಬೇಡವೇ ಬೇಡ. ಕಾಂಡ ದಪ್ಪವಾದಂತೆ ತಂತಿ ಒಳಗೆ ಹೂತು ಕತ್ತು ಹಿಸುಕುತ್ತದೆ, ಮೇಲಿನ ಭಾಗ ಒಣಗಿದಾಗ ಕಾರಣ ತಿಳಿಯದೆ ಔಷಧಿ ಹುಡುಕುತ್ತೇವೆ. ಹೂ ಕಟ್ಟುವ ಬಾಳೆನಾರಿಗಿಂತ ಸ್ವಲ್ಪ ಅಗಲದ ಬಾಳೆಪಟ್ಟೆಯ ಸೀಳು ಸಾಕು. ಅದು ತಾನಾಗಿ ಲಡ್ಡಾಗಿ ಬೀಳುವಷ್ಟರಲ್ಲಿ ಬಳ್ಳಿ ತನ್ನ ಹಿಡಿತ ಕಂಡುಕೊಂಡಿರುತ್ತದೆ.

ಗೊಬ್ಬರ ಎಷ್ಟು, ಯಾವಾಗ?

ಬೆಳೆದ ಮಲ್ಲಿಗೆ ಬಳ್ಳಿಗೆ ವರ್ಷಕ್ಕೆ ಸುಮಾರು ಹತ್ತು ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಸವರಿದ ಕೂಡಲೇ. ಜೂನ್, ಜುಲೈಯಲ್ಲಿ ಹಾಕಿದ ಗೊಬ್ಬರ ನಿಮ್ಮ ಗಿಡಕ್ಕಿಂತ ಕೆಳಗಿನ ಗದ್ದೆಯವರಿಗೆ ಹೆಚ್ಚು ಉಪಯೋಗ. ಬುಡಕ್ಕೆ ದರಕು ಹೊದಿಸಿ, ಆದರೆ ಕಾಂಡಕ್ಕೆ ತಾಗದಂತೆ ಒಂದು ಗೇಣು ಜಾಗ ಬಿಡಿ. ಮಳೆಗಾಲದಲ್ಲಿ ಬುಡದ ಸುತ್ತ ನೀರು ನಿಲ್ಲದಂತೆ ಮಣ್ಣು ಏರಿಸಿ, ಬೇಸಿಗೆಯಲ್ಲಿ ಅದನ್ನೇ ಬಟ್ಟಲು ಮಾಡಿ.

ಬಳ್ಳಿ ಬೆಳೆಸಿದರೆ ಹಾವು ಬರುತ್ತದೆಯಂತೆ, ನಿಜವೇ?

ಹೂವಿನ ವಾಸನೆಗೆ ಹಾವು ಬರುವುದಿಲ್ಲ. ಇಲಿ, ಕಪ್ಪೆ, ಓತಿಕ್ಯಾತ, ಹಕ್ಕಿಮರಿ ಇದ್ದಲ್ಲಿಗೆ ಬರುತ್ತದೆ. ಬುಡದಲ್ಲಿ ಒಣ ಸೊಪ್ಪು, ಹಳೆಯ ಹೆಂಚು ರಾಶಿ ಹಾಕಿದರೆ ಬಳ್ಳಿ ಇಲ್ಲದಿದ್ದರೂ ಹಾವು ಬರುತ್ತದೆ. ನೆಲದಿಂದ ಎರಡಡಿಯವರೆಗೆ ಕಾಂಡವನ್ನು ಬೋಳಾಗಿಡಿ, ಬುಡ ಸ್ಪಷ್ಟವಾಗಿ ಕಾಣಲಿ. ಮುಸ್ಸಂಜೆಯಲ್ಲಿ ಹೂ ಕೊಯ್ಯಲು ಹೋಗುವಾಗ ಟಾರ್ಚ್ ಹಿಡಿಯಿರಿ. ಎಲೆಯ ನಡುವೆ ಹಸಿರು ಹಾವು ಕಂಡರೆ ಕೋಲು ತರಬೇಡಿ, ಕತ್ತರಿ ಒಳಗಿಟ್ಟು ನಾಳೆ ಬನ್ನಿ.

ಸವರುವ ಮುಂಚೆ ಸೂರಕ್ಕಿಯ ಗೂಡು ಇದೆಯೇ ನೋಡಿ. ಜೇಡರಬಲೆಯಲ್ಲಿ ನಾರು, ತೊಗಟೆಚೂರು ಅಂಟಿಸಿ ನೇತುಹಾಕಿದ ಗೂಡು ನೋಡಲು ಕಸದ ಮುದ್ದೆಯಂತಿರುತ್ತದೆ. ಮರಿ ಹಾರುವ ತನಕ ಆ ಕಡ್ಡಿ ಹಾಗೇ ಇರಲಿ.

ಎಲೆಗೆ ಕಪ್ಪು ಮಸಿ, ಕಾಂಡಕ್ಕೆ ಬೂದು ಚಕ್ಕೆ. ರೋಗವೇ?

ಬೂದು ಚಕ್ಕೆ ಕಲ್ಲುಹೂವು, ಮಲೆನಾಡಿನ ತೇವಕ್ಕೆ ಎಲ್ಲ ಕಾಂಡದ ಮೇಲೂ ಬರುತ್ತದೆ. ಅಪಾಯವಿಲ್ಲ. ಕಪ್ಪು ಮಸಿ ಬೂಸ್ಟು, ಅದು ಹಿಟ್ಟುತಿಗಣೆ, ಶಲ್ಕಕೀಟಗಳು ಸುರಿಸುವ ಸಿಹಿ ಅಂಟಿನ ಮೇಲೆ ಬೆಳೆಯುವಂಥದ್ದು. ಅಂಟಿಗಾಗಿ ಇರುವೆಗಳು ಆ ಕೀಟಗಳನ್ನು ಸಾಕುತ್ತವೆ, ಆದ್ದರಿಂದ ಇರುವೆಯ ಸಾಲು ಕಂಡರೆ ಅದನ್ನು ಹಿಂಬಾಲಿಸಿ. ಕೀಟ ತುಂಬಿದ ತುದಿಗಳನ್ನು ಕತ್ತರಿಸಿ ಸುಟ್ಟು, ಉಳಿದದ್ದಕ್ಕೆ ಲೀಟರ್ ನೀರಿಗೆ 3ರಿಂದ 5 ಮಿ.ಲೀ. ಬೇವಿನೆಣ್ಣೆ, ಸ್ವಲ್ಪ ಸೋಪಿನ ನೀರು ಬೆರೆಸಿ ಸಂಜೆ ಸಿಂಪಡಿಸಿ. ಮಲ್ಲಿಗೆ ಮೊಗ್ಗಿನಲ್ಲಿ ತೂತು ಕಂಡರೆ ಒಳಗೆ ಹುಳು ಇದೆ. ಅಂಥ ಮೊಗ್ಗನ್ನು ನೆಲಕ್ಕೆ ಉದುರಿಸದೆ ಕಿತ್ತು ಒಲೆಗೆ ಹಾಕಿ.

ಮಂಗಗಳು ಮೊಗ್ಗು ತಿನ್ನುತ್ತವೆ.

ಪರಿಹಾರವಿಲ್ಲ. ಬಾಳೆಗೊನೆ, ಏಲಕ್ಕಿಯನ್ನೇ ಉಳಿಸಿಕೊಳ್ಳಲಾಗದ ಊರಿನಲ್ಲಿ ಜಾಜಿಮೊಗ್ಗಿಗೆ ಯಾರು ಕಾವಲು ಕೂರುತ್ತಾರೆ? ಮುಳ್ಳಿನ ಬೋಗನ್‌ವಿಲ್ಲಾವನ್ನು ಹೊರಗೆ, ಮಲ್ಲಿಗೆಯನ್ನು ಜಗಲಿಯ ಹತ್ತಿರ ನೆಟ್ಟರೆ ಒಂದಿಷ್ಟು ಉಳಿಯಬಹುದು.

ಅಮಾವಾಸ್ಯೆ, ಹುಣ್ಣಿಮೆ ನೋಡಿ ಸವರಬೇಕೇ?

ನೋಡುವವರು ನೋಡಲಿ. ನಾನು ಮೋಡ ನೋಡುತ್ತೇನೆ.

ಗೌರಿ ಹೂವಿನ ಬಳ್ಳಿ ಮಳೆಗಾಲ ಮುಗಿದ ಮೇಲೆ ಒಣಗಿಹೋಯಿತು. ಸತ್ತಿತೇ?

ಇಲ್ಲ. ಅಗ್ನಿಶಿಖೆ ಎಂದೂ ಕರೆಯುವ ಈ ಬಳ್ಳಿ ನೆಲದೊಳಗೆ ಗಡ್ಡೆಯಾಗಿ ಮಲಗುತ್ತದೆ. ಹಸಿರಿರುವಾಗ ಕತ್ತರಿಸಿದರೆ ಗಡ್ಡೆಗೆ ಆಹಾರ ಸೇರುವುದಿಲ್ಲ, ಪೂರ್ತಿ ಹಳದಿಯಾಗಿ ಒಣಗಿದ ಮೇಲೆ ಬುಡದಲ್ಲಿ ತೆಗೆಯಿರಿ. ಆ ಜಾಗಕ್ಕೊಂದು ಗುರುತಿನ ಕಡ್ಡಿ ನೆಡಿ, ಬೇಸಿಗೆಯಲ್ಲಿ ಗುದ್ದಲಿ ತಾಗದಿರಲಿ. ಇದರ ಎಲ್ಲ ಭಾಗವೂ, ಮುಖ್ಯವಾಗಿ ಗಡ್ಡೆ, ಕಾಲ್ಚಿಸಿನ್ ಎಂಬ ವಿಷ ತುಂಬಿದ್ದು. ಮಕ್ಕಳು, ದನಕರುಗಳ ಕೈಗೆ ಬಾಯಿಗೆ ಸಿಗಬಾರದು. ಗೆಣಸಿನ ಪಕ್ಕದಲ್ಲಂತೂ ನೆಡಲೇಬೇಡಿ.

ಸವರಿದ ಕಡ್ಡಿಗಳಿಂದ ಹೊಸ ಗಿಡ ಮಾಡಬಹುದೇ?

ಮೇ ಕೊನೆಯಲ್ಲಿ ಸವರಿದ ಕಡ್ಡಿ ಇದಕ್ಕೆ ಶ್ರೇಷ್ಠ, ಮೃಗಶಿರ ಮಳೆಯ ತೇವವೇ ಅರ್ಧ ಕೆಲಸ ಮಾಡುತ್ತದೆ. ಪೆನ್ಸಿಲ್ ಗಾತ್ರದ, ಮೂರು ನಾಲ್ಕು ಗೆಣ್ಣಿನ ಕಡ್ಡಿ ಆರಿಸಿ. ಕೆಳತುದಿಯನ್ನು ಗೆಣ್ಣಿನ ಕೆಳಗೆ ಓರೆಯಾಗಿಯೂ ಮೇಲ್ತುದಿಯನ್ನು ನೇರವಾಗಿಯೂ ಕತ್ತರಿಸಿದರೆ ತಲೆಕೆಳಗಾಗಿ ಊರುವ ಭಯವಿಲ್ಲ. ಎಲೆ ತೆಗೆದು, ಎರಡು ಗೆಣ್ಣು ಮಣ್ಣೊಳಗೆ ಹೋಗುವಂತೆ ಮರಳು ಬೆರೆಸಿದ ಮಣ್ಣಿನ ತೊಟ್ಟೆಯಲ್ಲಿ ಊರಿ, ಮಾಡಿನ ನೀರು ನೇರ ಬೀಳದ ಕಡೆ ಇಡಿ. ಜಾಜಿಗೆ ಇನ್ನೂ ಸುಲಭದ ದಾರಿ ಇದೆ: ನೆಲಕ್ಕೆ ಬಾಗಿದ ಕುಡಿಯ ಒಂದು ಗೆಣ್ಣಿನ ತೊಗಟೆಯನ್ನು ತುಸು ಕೆತ್ತಿ, ಮಣ್ಣಲ್ಲಿ ಹೂತು ಮೇಲೆ ಒಂದು ಕಲ್ಲು ಹೇರಿ. ಮಳೆಗಾಲ ಮುಗಿಯುವಷ್ಟರಲ್ಲಿ ಬೇರು ಬಂದಿರುತ್ತದೆ, ತಾಯಿಬಳ್ಳಿಯಿಂದ ಕತ್ತರಿಸಿ ಕೇಳಿದವರಿಗೆ ಕೊಡಬಹುದು.